ಮನೆಯಲ್ಲಿ ಎರಡು ಗಂಡು ನಾಯಿ, ಒಂದಕ್ಕೊಂದು ಆಗಿಬರುತ್ತಿಲ್ಲ

ಕೇಳಿದವರು:
ದೊಡ್ಡವನಿಗೆ ಆರು ವರ್ಷ, ಚಿಕ್ಕವನಿಗೆ ಎರಡು. ಮರಿಯಾಗಿದ್ದಾಗ ಚಿಕ್ಕವನು ದೊಡ್ಡವನ ಹೊಟ್ಟೆಗೆ ಒರಗಿಕೊಂಡೇ ಮಲಗುತ್ತಿದ್ದ. ಈಗ ಎರಡು ತಿಂಗಳಿಂದ ಮುಖ ಕಂಡರೆ ಆಗುವುದಿಲ್ಲ. ಮೂರು ಸಲ ಕಚ್ಚಾಡಿವೆ. ಮೊನ್ನೆ ದೊಡ್ಡವನ ಕಿವಿ ಸೀಳಿತು, ಬಿಡಿಸಲು ಹೋಗಿ ನನ್ನ ಕೈಗೂ ಹಲ್ಲು ತಾಗಿತು. "ಬಿಡು, ಯಾರು ಮೇಲು ಅಂತ ಅವೇ ತೀರ್ಮಾನ ಮಾಡ್ಕೊಳ್ತವೆ" ಅನ್ನುತ್ತಾರೆ ಮನೆಯವರು. ಅನುಭವ ಇರುವವರು ಹೇಳಿ.

ಮೊದಲ ಉತ್ತರ:
ಮೊದಲು ನಿಮ್ಮ ಕೈ. ಚರ್ಮ ತರಚಿದ್ದರೂ ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಡಾಕ್ಟರಿಗೆ ತೋರಿಸಿ. ನಮ್ಮ ನಾಯಿಯೇ ಅಲ್ವಾ ಅಂತ ಸುಮ್ನೆ ಇರಬೇಡಿ. ನಾಯಿಯ ಗಾಯವೂ ಹಾಗೆಯೇ. ಹೊರಗೆ ಸೂಜಿ ಚುಚ್ಚಿದಷ್ಟು ತೂತು ಕಾಣುತ್ತದೆ, ಒಳಗೆ ಕೀವು ತುಂಬಿರಬಹುದು.

"ಅವೇ ತೀರ್ಮಾನ ಮಾಡ್ಕೊಳ್ತವೆ" ಎಂಬ ಮಾತು ನಂಬಿ ನಾನು ನಾಲ್ಕು ತಿಂಗಳು ಕಳೆದುಕೊಂಡೆ. ನಮ್ಮ ಗುಂಡನಿಗೆ ಆಗ ಏಳು, ಕೆಂಚನಿಗೆ ಎರಡೂವರೆ. ಯಾವ ತೀರ್ಮಾನವೂ ಆಗಲಿಲ್ಲ. ಒಂದೊಂದು ಜಗಳವೂ ಹಿಂದಿನದಕ್ಕಿಂತ ಬೇಗ ಶುರುವಾಗಿ ಜಾಸ್ತಿ ಹೊತ್ತು ನಡೆಯಿತು. ಕಚ್ಚಾಡುವುದೂ ಒಂದು ಅಭ್ಯಾಸವೇ, ಮಾಡಿದಷ್ಟೂ ಸಲೀಸಾಗುತ್ತದೆ. ಒಂದರಿಂದ ಮೂರು ವರ್ಷದೊಳಗೆ ನಾಯಿಗೆ ಮರಿಬುದ್ಧಿ ಹೋಗುತ್ತದೆ. ಗಂಡು ಗಂಡಿನ ಜಗಳ ಹೊತ್ತಿಕೊಳ್ಳುವುದು ಹೆಚ್ಚಾಗಿ ಆ ವಯಸ್ಸಿನಲ್ಲೇ, ಮೊದಲು ಕೆಣಕುವುದೂ ಸಾಮಾನ್ಯವಾಗಿ ಚಿಕ್ಕದೇ. ನಿಮ್ಮ ಲೆಕ್ಕ ಸರಿಯಾಗಿ ಅಲ್ಲಿಗೇ ಬರುತ್ತದೆ.

ಇನ್ನು ಈ "ಯಾರು ಮೇಲು" ಎಂಬ ಕಥೆ. 1947ರಲ್ಲಿ ರುಡಾಲ್ಫ್ ಶೆಂಕೆಲ್ ಎಂಬವರು ಬೇಲಿಯೊಳಗೆ ಕೂಡಿಹಾಕಿದ್ದ ತೋಳಗಳನ್ನು ನೋಡಿ ಬರೆದದ್ದು ಅದಕ್ಕೆ ಬುನಾದಿ. ಕಾಡಿನ ತೋಳದ ಗುಂಪು ಅಂದರೆ ಅಪ್ಪ, ಅಮ್ಮ, ಮಕ್ಕಳ ಸಂಸಾರ, ಗದ್ದುಗೆ ಜಗಳ ಅಲ್ಲ ಎಂದು ತೋಳಗಳ ಬಗ್ಗೆಯೇ ಬದುಕು ಸವೆಸಿದ ಡೇವಿಡ್ ಮೀಚ್ 1999ರಲ್ಲಿ ತಿದ್ದಿದರು. ನೀವೇ ಮೇಲು ಅಂತ ತೋರಿಸಲು ನಾಯಿಯನ್ನು ಅಂಗಾತ ಕೆಡವಿ ಅದುಮಿ ಹಿಡಿಯಿರಿ ಅಂತ ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ.

ನನ್ನ ದೊಡ್ಡ ತಪ್ಪು ಬೇರೆ. ಕೆಂಚ ಗುರ್ ಎಂದಾಗಲೆಲ್ಲ ಗದರುತ್ತಿದ್ದೆ. ಒಂದು ತಿಂಗಳಲ್ಲಿ ಗುರುಗುಟ್ಟುವುದು ನಿಂತಿತು, ನಾನೂ ಬೀಗಿದೆ. ಆಮೇಲೆ ಅವನು ಸದ್ದೇ ಇಲ್ಲದೆ ಮೇಲೆ ಬೀಳತೊಡಗಿದ! ಗುರುಗುಟ್ಟುವುದು "ದೂರ ಇರು" ಎಂಬ ಎಚ್ಚರಿಕೆ. ಸಿಟ್ಟು ಹಾಗೇ ಉಳಿಯಿತು, ಎಚ್ಚರಿಕೆಯನ್ನು ಮಾತ್ರ ನಾನೇ ಅಳಿಸಿಬಿಟ್ಟಿದ್ದೆ.

ದಾರಿ ತೋರಿಸಿದ್ದು ಒಂದು ಹಳೇ ನೋಟ್‌ಬುಕ್. ಯಾವಾಗ, ಎಲ್ಲಿ, ಪಕ್ಕದಲ್ಲಿ ಏನಿತ್ತು ಅಂತ ಪ್ರತಿ ಜಗಳವನ್ನೂ ಬರೆದೆ. ಒಂಬತ್ತು ಜಗಳ ಆದ ಮೇಲೆ ನೋಡಿದರೆ ಐದು ಬಾಗಿಲ ಬಳಿ, ನಾನು ಹೊರಗಿನಿಂದ ಬಂದ ಹೊತ್ತಿಗೆ. ಇನ್ನು ಮೂರು, ಕೋಣೆಗಳ ನಡುವಿನ ಇಕ್ಕಟ್ಟಿನ ಓಣಿಯಲ್ಲಿ. ಒಂದು ನನ್ನ ಕುರ್ಚಿಯ ಕೆಳಗೆ. ವಾಕಿಂಗ್‌ನಲ್ಲಿ ಒಂದೂ ಇಲ್ಲ. ತಟ್ಟೆಗಾಗಿ ಜಗಳ ಅಂದುಕೊಂಡಿದ್ದೆ. ಅವು ಕಿತ್ತಾಡುತ್ತಿದ್ದದ್ದು ನನಗಾಗಿ.

ಆಮೇಲೆ ಆ ಓಣಿಯಲ್ಲಿ ಕಣ್ಣಿಟ್ಟು ನೋಡಿದೆ. ನಾಲಿಗೆ ಚಾಚಿ ತೇಕುತ್ತಿದ್ದ ಕೆಂಚನ ಬಾಯಿ ಟಕ್ಕನೆ ಮುಚ್ಚುತ್ತದೆ. ಬಾಲ ಮೇಲೆದ್ದು ಸೆಟೆಯುತ್ತದೆ. ಮೈ ಕಲ್ಲಿನಂತೆ ನಿಂತು ಕಣ್ಣು ಗುಂಡನ ಮೇಲೆ ನೆಡುತ್ತದೆ. ಗುಂಡ ಮುಖ ತಿರುಗಿಸಿ ಮೂತಿ ನೆಕ್ಕಿಕೊಳ್ಳುತ್ತಾನೆ. ಹೆಚ್ಚೆಂದರೆ ಮೂರು ಸೆಕೆಂಡ್. ನಮ್ಮ ಕೈಯಲ್ಲಿ ಇರುವುದು ಆ ಮೂರು ಸೆಕೆಂಡ್ ಅಷ್ಟೇ. ಆಗ ಕಿರುಚಬಾರದು, ಖುಷಿಯ ದನಿಯಲ್ಲಿ ಕೆಂಚನನ್ನು ಕರೆದು ನಾವೇ ಬೇರೆ ಕಡೆ ನಡೆಯಬೇಕು. ಅವನು ತಿರುಗಿ ಬಂದರೆ ಕೈಗೊಂದು ತಿನಿಸು. ದಿನಾ ಜಗಳ ಇಲ್ಲದ ಹೊತ್ತಿನಲ್ಲಿ ಇದನ್ನು ರೂಢಿ ಮಾಡಿಸಿದ್ದರಿಂದಲೇ ಆ ಹೊತ್ತಿಗೆ ಕೆಲಸ ಮಾಡಿತು.

ಇಷ್ಟೆಲ್ಲ ಆದದ್ದು ಮೂರು ವಾರ ಪೂರ್ತಿ ಬೇರೆ ಇಟ್ಟ ಮೇಲೆ. ನಡುವೆ ಗೇಟು, ಒಬ್ಬ ಹೊರಗಿದ್ದರೆ ಇನ್ನೊಬ್ಬ ಒಳಗೆ. ಒಂದು ದೊಡ್ಡ ಜಗಳದ ಬಿಸಿ ಮೈಯಿಂದ ಇಳಿಯಲು ದಿನಗಳೇ ಬೇಕು, ಸಂಜೆಗೇ ರಾಜಿ ಮಾಡಿಸಲು ಹೋಗಬೇಡಿ. ಆಮೇಲೆ ಇಬ್ಬರು ಒಂದೊಂದು ನಾಯಿ ಹಿಡಿದು ಒಂದೇ ದಿಕ್ಕಿಗೆ, ದೂರ ಬಿಟ್ಟು ನಡೆದೆವು. ದಿನ ಕಳೆದಂತೆ ಅಂತರ ಕಡಿಮೆ ಮಾಡಿದೆವು. ಮುಖಾಮುಖಿ ತಂದು ನಿಲ್ಲಿಸಿ "ಫ್ರೆಂಡ್ಸ್ ಆಗಿ" ಅನ್ನುವುದು ಮಾತ್ರ ಬೇಡ.

ಇಂದಿಗೂ ಊಟ ಬೇರೆ ಬೇರೆ ಕೋಣೆಯಲ್ಲೇ. ಮೂಳೆ, ಆಟಿಕೆ ನೆಲದ ಮೇಲೆ ಬಿಡುವುದಿಲ್ಲ. ಮನೆಗೆ ಬಂದಾಗ ಎರಡೂ ಶಾಂತವಾಗುವ ತನಕ ಯಾರನ್ನೂ ಮಾತಾಡಿಸುವುದಿಲ್ಲ. ಅದು ನನಗೇ ಕಷ್ಟ.

ಎರಡನೆಯ ಉತ್ತರ:
ಎಲ್ಲಕ್ಕಿಂತ ಮೊದಲು ಡಾಕ್ಟರ ಹತ್ತಿರ ಪೂರ್ತಿ ತಪಾಸಣೆ ಮಾಡಿಸಿ. ನಮ್ಮ ಮನೆಯಲ್ಲಿ ಶುರು ಮಾಡುತ್ತಿದ್ದವನು ದೊಡ್ಡವನು. ಕೊನೆಗೆ ನೋಡಿದರೆ ಸೊಂಟದ ಕೀಲು ನೋವು! ಚಿಕ್ಕವನು ಮೈಮೇಲೆ ಹಾರಿದಾಗ ಪಾಪ ಅವನೇನು ಮಾಡಬೇಕು.

ಬೀಜ ತೆಗೆಸಿದರೆ ಸರಿಹೋಗುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಗಂಡಸುತನದ ಪೈಪೋಟಿಯೇ ಕಾರಣವಾಗಿದ್ದರೆ ಉಪಯೋಗ ಆಗಬಹುದು, ಅದೂ ಹಾರ್ಮೋನ್ ಇಳಿಯಲು ವಾರಗಳು ಹಿಡಿಯುತ್ತವೆ. ಹೆದರಿಕೆಯಿಂದ ಕಚ್ಚುವ ನಾಯಿಗೆ ಅದು ಮದ್ದಲ್ಲ, ಕೆಲವದರಲ್ಲಿ ಹೆದರಿಕೆ ಜಾಸ್ತಿಯೂ ಆಗುತ್ತದೆ. ಯಾವ ನಾಯಿಗೆ, ಯಾವಾಗ ಅಂತ ಡಾಕ್ಟರನ್ನೇ ಕೇಳಿ.

ಮೂರನೆಯ ಉತ್ತರ:
ಬಿಡಿಸುವ ವಿಷಯ ಯಾರೂ ಹೇಳಲಿಲ್ಲ. ಕುತ್ತಿಗೆ ಪಟ್ಟಿಗೆ ಕೈ ಹಾಕಲೇಬೇಡಿ, ಆ ಹೊತ್ತಿನಲ್ಲಿ ಅದಕ್ಕೆ ನಿಮ್ಮ ಕೈ ಯಾವುದು, ಎದುರಾಳಿಯ ಕಾಲು ಯಾವುದು ಗೊತ್ತಾಗುವುದಿಲ್ಲ. ನಾವು ಓಣಿಯ ಗೋಡೆಗೆ ಒಂದು ಪ್ಲೈವುಡ್ ಹಲಗೆ ಒರಗಿಸಿಟ್ಟಿದ್ದೇವೆ. ಮಧ್ಯೆ ತೂರಿಸಿದರೆ ಕಣ್ಣು ಮರೆಯಾಗುತ್ತದೆ, ಅರ್ಧ ಜಗಳ ಅಲ್ಲಿಗೇ ಮುಗಿಯಿತು. ನೀರು, ದಪ್ಪ ಕಂಬಳಿಯೂ ಆಗುತ್ತದೆ. ಒಂದು ಕಚ್ಚಿ ಹಿಡಿದಿರುವಾಗ ಎಳೆದಾಡಿದರೆ ಗಾಯ ಇನ್ನೂ ಸೀಳುತ್ತದೆ.

ಕಚ್ಚದಂತೆ ಬಾಯಿಗೆ ಹಾಕುವ ಬುಟ್ಟಿಯಂಥ ಮಝಲ್ ರೂಢಿ ಮಾಡಿಸಿ, ಅದರಲ್ಲಿ ತೇಕಲು, ನೀರು ಕುಡಿಯಲು ಆಗುತ್ತದೆ. ಬಟ್ಟೆಯ ಬಿಗಿ ಪಟ್ಟಿಯಲ್ಲಿ ಆಗುವುದಿಲ್ಲ. ಇನ್ನೊಂದು ಮಾತು, ಬೇಜಾರು ಮಾಡ್ಕೋಬೇಡಿ. ಎಂಟು ತಿಂಗಳು ಒದ್ದಾಡಿ ನಾವು ಒಬ್ಬನನ್ನು ತಂಗಿಯ ಮನೆಗೆ ಕೊಟ್ಟೆವು. ಅಲ್ಲಿ ಬೇರೆ ನಾಯಿ ಇಲ್ಲ. ಈಗ ಎರಡೂ ಕಾಲು ಚಾಚಿ ನಿದ್ದೆ ಮಾಡುತ್ತವೆ.

ಕೇಳಿದವರು:
ಎಲ್ಲರಿಗೂ ಥ್ಯಾಂಕ್ಸ್. ತಪಾಸಣೆ ಮಾಡಿಸಿದೆ, ದೊಡ್ಡವನ ಇನ್ನೊಂದು ಕಿವಿಯೊಳಗೆ ಸೋಂಕು ಇತ್ತು. ಚಿಕ್ಕವನು ಆಟಕ್ಕೆ ಎಳೆಯುತ್ತಿದ್ದದ್ದೂ ಅದೇ ಕಿವಿ. ಗೇಟು ಹಾಕಿದ್ದೇವೆ. ಆದರೆ ರಾತ್ರಿ ಬೇರೆ ಕೋಣೆಯಲ್ಲಿ ಬಿಟ್ಟರೆ ಚಿಕ್ಕವನು ಒಂದೇ ಸಮನೆ ಅಳುತ್ತಾನೆ.

ಮೊದಲ ಉತ್ತರದವರು:
ಸರದಿ ಹಾಕಿ. ಒಂದು ರಾತ್ರಿ ಅವನು ನಿಮ್ಮ ಕೋಣೆಯಲ್ಲಿ, ಮರುರಾತ್ರಿ ದೊಡ್ಡವನು. ಹೊರಗಿರುವವನ ಹತ್ತಿರ ಮನೆಯ ಇನ್ನೊಬ್ಬರು ಮಲಗಲಿ. "ಅವೇ ತೀರ್ಮಾನ ಮಾಡ್ಕೊಳ್ತವೆ" ಅಂದವರನ್ನೇ ಕಳಿಸಿ.