ದೊಡ್ಡ ರೆಸಿನ್ ಗನ್‌ಶಿಪ್: ಬಿಚ್ಚಬಹುದಾದ ರೆಕ್ಕೆಗಳು ಮತ್ತು ಬಣ್ಣದ ಕುರಿತು ಸಲಹೆ ಬೇಕಾಗಿದೆ

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಮೇಜಿನ ಮೇಲಾಡುವ ಯುದ್ಧದಾಟಕ್ಕಾಗಿ ಹಲವು ವರ್ಷಗಳಿಂದ 28 ಮಿಲಿಮೀಟರ್ ಅಳತೆಯ ಸೈನಿಕರಿಗೂ ಟ್ಯಾಂಕುಗಳಿಗೂ ಬಣ್ಣ ಹಾಕುತ್ತಾ ಬಂದಿದ್ದೇನೆ. ಈಗ ಕೈಗೆ ಸಿಕ್ಕಿರುವುದು ಮಾತ್ರ ಬೇರೆಯೇ ಗಾತ್ರದ್ದು: ಭವಿಷ್ಯದ ಯುದ್ಧಗಳಿಗೆಂದು ಕಲ್ಪಿಸಿದ, ಸೈನಿಕರನ್ನು ಹೊತ್ತೊಯ್ಯುವ ಗನ್‌ಶಿಪ್ಪಿನ, ಅಂದರೆ ಶಸ್ತ್ರಸಜ್ಜಿತ ವಿಮಾನದ ಮಾದರಿ. ರೆಕ್ಕೆಯ ಒಂದು ತುದಿಯಿಂದ ಇನ್ನೊಂದು ತುದಿಗೆ ಸುಮಾರು 60 ಸೆಂಟಿಮೀಟರ್ ಇದ್ದು, ಪೂರ್ತಿಯಾಗಿ ರೆಸಿನ್‌ನಿಂದ, ಅಂದರೆ ಅಚ್ಚಿಗೆ ಸುರಿದು ಗಟ್ಟಿಯಾಗಿಸುವ ಪ್ಲಾಸ್ಟಿಕ್ಕಿನಂಥ ದ್ರವದಿಂದ, ಎರಕ ಹೊಯ್ದದ್ದು. ಇನ್ನೊಬ್ಬ ಆಟಗಾರರು ಅರ್ಧಕ್ಕೆ ಬಿಟ್ಟದ್ದನ್ನು ನಾನು ಪಡೆದುಕೊಂಡೆ. ಒಡಲಿನ ಎರಡು ಹೋಳುಗಳನ್ನು ಇನ್ನೂ ಅಂಟಿಸಿಲ್ಲ.

ಆಟಕ್ಕೆ ಒಯ್ಯಲು ಅನುಕೂಲವಾಗುವಂತೆ ರೆಕ್ಕೆಗಳನ್ನು ಬಿಚ್ಚಿ ಜೋಡಿಸುವ ಹಾಗಿರಬೇಕು, ರೆಕ್ಕೆಯಡಿಯ ಕ್ಷಿಪಣಿಗಳನ್ನೂ ಬಾಂಬುಗಳನ್ನೂ ಬದಲಾಯಿಸುವಂತಿರಬೇಕು ಮತ್ತು ಹಿಂಬದಿಯ ಎಂಜಿನ್‌ಗಳಿಗೆ ನನ್ನದೇ ಒಂದಿಷ್ಟು ಕೊಳವೆ, ಪೆಟ್ಟಿಗೆಗಳನ್ನು ಸೇರಿಸಬೇಕು ಎಂಬುದು ನನ್ನ ಆಸೆ. ರೆಕ್ಕೆಗೆ ಎಷ್ಟು ದೊಡ್ಡ ಅಯಸ್ಕಾಂತ ಬೇಕಾದೀತು? ಬಣ್ಣದ ವಿಷಯದಲ್ಲಂತೂ ಹೆದರಿಕೆಯೇ ಇದೆ. ಹಿಂದೆ ಇದಕ್ಕಿಂತ ಚಿಕ್ಕದೊಂದು ವಿಮಾನಕ್ಕೆ ಕುಂಚದಲ್ಲೇ ಹಸಿರು ಬಳಿದಿದ್ದೆ. ಗೆರೆಗಳೆಲ್ಲ ಎದ್ದು ಕಂಡು ಅದು ಸುಣ್ಣ ಬಳಿದ ಗೋಡೆಯಂತಾಯಿತು.

ಮೊದಲ ಉತ್ತರ

ಅಯಸ್ಕಾಂತದ ಗಾತ್ರವನ್ನು ಕೇಳುವ ಮೊದಲು ರೆಕ್ಕೆಯ ಭಾರ ಎಲ್ಲಿ ಬೀಳುತ್ತದೆ ಎಂಬುದನ್ನು ನೋಡಿ. ನಿಮ್ಮ ಒಂದು ರೆಕ್ಕೆ 180 ಗ್ರಾಂ ತೂಗುತ್ತದೆ, ಅದರ ಗುರುತ್ವ ಕೇಂದ್ರ ಬುಡದಿಂದ 10 ಸೆಂಟಿಮೀಟರ್ ದೂರದಲ್ಲಿದೆ ಎಂದುಕೊಳ್ಳೋಣ. ಬುಡದಲ್ಲಿ ಒಂದರ ಮೇಲೊಂದರಂತೆ 1.5 ಸೆಂಟಿಮೀಟರ್ ಅಂತರದಲ್ಲಿ ಎರಡು ಅಯಸ್ಕಾಂತಗಳನ್ನು ಕೂರಿಸಿದರೆ, ರೆಕ್ಕೆ ಕೆಳಕ್ಕೆ ಬಾಗದಂತೆ ತಡೆಯಲು ಮೇಲಿನದು ಸುಮಾರು 1.2 ಕಿಲೋಗ್ರಾಂ ಎಳೆತವನ್ನು ತಾಳಿಕೊಳ್ಳಬೇಕಾಗುತ್ತದೆ. ಇದರ ಜೊತೆಗೆ, ಅಯಸ್ಕಾಂತವು ನೇರವಾಗಿ ಎಳೆದಾಗ ತೋರುವ ಹಿಡಿತವನ್ನು ಪಕ್ಕಕ್ಕೆ ಜಾರಿಸಿದಾಗ ತೋರುವುದಿಲ್ಲ. ಆದ್ದರಿಂದ ಭಾರ ಹೊರುವ ಕೆಲಸವನ್ನು ಹಿತ್ತಾಳೆಯ ಸರಳಿಗೆ ಕೊಟ್ಟು, ರೆಕ್ಕೆ ಹೊರಕ್ಕೆ ಜಾರದಂತೆ ಹಿಡಿಯುವ ಕೆಲಸವನ್ನಷ್ಟೇ ಅಯಸ್ಕಾಂತಕ್ಕೆ ಬಿಡುವುದು ಸರಿ.

ನಾನು ಮಾಡುವ ಕ್ರಮ ಹೀಗಿದೆ. ಒಡಲಿನೊಳಗೆ, ಸೈನಿಕರು ಕೂರುವ ಕೋಣೆಯ ಮೇಲ್ಛಾವಣಿಗಿಂತ ಮೇಲೆ, ಎಡದಿಂದ ಬಲಕ್ಕೆ ಹಾಯುವಂತೆ 5 ಮಿಲಿಮೀಟರ್ ಹೊರವ್ಯಾಸದ ಹಿತ್ತಾಳೆ ಕೊಳವೆಯನ್ನು ಎರಡು ಅಂಶಗಳ ಎಪಾಕ್ಸಿ ಅಂಟಿನಿಂದ ಕೂರಿಸುತ್ತೇನೆ. ಅದರೊಳಗೆ ಬಿಗಿಯಾಗಿ ಜಾರುವ 4 ಮಿಲಿಮೀಟರ್ ಸರಳನ್ನು ರೆಕ್ಕೆಗೆ ಅಂಟಿಸುತ್ತೇನೆ. ಒಂದೇ ಸರಳಿದ್ದರೆ ರೆಕ್ಕೆ ಗಿರಗಿರನೆ ತಿರುಗುವುದರಿಂದ, ಸ್ವಲ್ಪ ಹಿಂದಕ್ಕೆ ತೆಳುವಾದ ಇನ್ನೊಂದು ಸರಳು ಬೇಕೇ ಬೇಕು. ಎರಡೂ ಕಡೆಯ ತೂತುಗಳು ಎದುರುಬದುರಾಗಿ ಬರಬೇಕಾದರೆ, ಒಡಲಿನ ಕಡೆ ಕೊರೆದ ತೂತಿನ ಅಂಚಿಗೆ ಒಂದು ಹನಿ ಹಸಿ ಬಣ್ಣ ಮುಟ್ಟಿಸಿ, ರೆಕ್ಕೆಯನ್ನು ಸರಿಯಾದ ಜಾಗದಲ್ಲಿ ಒತ್ತಿ ತೆಗೆಯಿರಿ. ಎಲ್ಲಿ ಕೊರೆಯಬೇಕೆಂಬ ಗುರುತು ತಾನಾಗಿಯೇ ಬಿದ್ದಿರುತ್ತದೆ. ಮೊದಲು 1 ಮಿಲಿಮೀಟರ್ ತೂತು ಕೊರೆದು ಪರೀಕ್ಷಿಸಿ, ಆಮೇಲೆ ಹಂತ ಹಂತವಾಗಿ ಅಗಲಿಸಿದರೆ ತಪ್ಪನ್ನು ತಿದ್ದಿಕೊಳ್ಳಲು ಅವಕಾಶವಿರುತ್ತದೆ. ಕ್ಷಿಪಣಿಗಳು ನೇರವಾಗಿ ಕೆಳಕ್ಕೆ ತೂಗುವುದರಿಂದ ಅವಕ್ಕೆ 5 ಮಿಲಿಮೀಟರ್ ಅಗಲ, 2 ಮಿಲಿಮೀಟರ್ ದಪ್ಪದ ನಿಯೋಡಿಮಿಯಮ್ ಬಿಲ್ಲೆಗಳು ಧಾರಾಳವಾಗಿ ಸಾಕು. ಅಂಟಿಸುವ ಮೊದಲು ಪ್ರತಿ ಬಿಲ್ಲೆಯ ಒಂದೇ ಮುಖಕ್ಕೆ ಮಾರ್ಕರ್‌ನಿಂದ ಗುರುತು ಹಾಕಿಕೊಳ್ಳಿ.

ಒಡಲನ್ನು ಮುಚ್ಚುವ ಮೊದಲೇ, ಮಾದರಿಯನ್ನು ಹಾರುತ್ತಿರುವಂತೆ ಎತ್ತಿ ನಿಲ್ಲಿಸುವ ಆಧಾರಕಂಬದ ಜಾಗವನ್ನೂ ನಿರ್ಧರಿಸಬೇಕು. ಎಲ್ಲ ಭಾಗಗಳನ್ನೂ ಟೇಪಿನಿಂದ ತಾತ್ಕಾಲಿಕವಾಗಿ ಜೋಡಿಸಿ, ಎರಡು ಬೆರಳುಗಳ ಮೇಲೆ ತೂಗಿ ನೋಡಿ. ಎಂಜಿನ್‌ಗಳು ಗಟ್ಟಿ ರೆಸಿನ್ ಆಗಿರುವುದರಿಂದ ಸಮತೋಲದ ಬಿಂದು ನೀವು ಅಂದುಕೊಂಡದ್ದಕ್ಕಿಂತ ಹಿಂದಕ್ಕೇ ಬರುತ್ತದೆ. ನೀವು ಸೇರಿಸಬೇಕೆಂದಿರುವ ಪೆಟ್ಟಿಗೆಗಳೂ ಹಿಂಬದಿಯವೇ ಆದ್ದರಿಂದ ಮೂಗಿನೊಳಗೆ ಒಂದಿಷ್ಟು ಸೀಸದ ತುಂಡುಗಳನ್ನು ತುಂಬಬೇಕಾಗಬಹುದು.

ಇನ್ನು ರೆಸಿನ್ ಕುರಿತು. ಅಚ್ಚಿನಿಂದ ಬಿಡಿಸಲು ಸವರಿದ ಜಿಡ್ಡು ಅದರ ಮೇಲೆ ಉಳಿದಿರುತ್ತದೆ; ಪಾತ್ರೆ ತೊಳೆಯುವ ದ್ರವ ಹಾಕಿದ ಉಗುರುಬೆಚ್ಚಗಿನ ನೀರಿನಲ್ಲಿ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿ ತೊಳೆಯದಿದ್ದರೆ ಬಣ್ಣ ಸಿಪ್ಪೆಯಂತೆ ಏಳುತ್ತದೆ. ಪ್ಲಾಸ್ಟಿಕ್ ಸಿಮೆಂಟ್ ರೆಸಿನ್ನಿಗೆ ಹಿಡಿಯುವುದಿಲ್ಲ. ಸೂಪರ್ ಗ್ಲೂ ಅಥವಾ ಎಪಾಕ್ಸಿಯೇ ಬೇಕು. ಉಜ್ಜುವಾಗ ಏಳುವ ಧೂಳು ಶ್ವಾಸಕೋಶಕ್ಕೆ ಹಾನಿಕರ, ಆದ್ದರಿಂದ ನೀರು ಹಚ್ಚಿಯೇ ಉಜ್ಜಿ, ಮುಖಗವಸನ್ನೂ ಧರಿಸಿ.

ಸೇರಿಸುವ ಕೊಳವೆ, ಪೆಟ್ಟಿಗೆಗಳ ಬಗ್ಗೆ ಒಂದೇ ಮಾತು: ಪ್ರತಿ ಕೊಳವೆಯೂ ಎಲ್ಲಿಂದಲೋ ಹೊರಟು ಎಲ್ಲಿಗೋ ತಲುಪಬೇಕು. ಎಂಜಿನ್ನಿನಿಂದ ಹೊರಟದ್ದು ಇಂಧನದ ತೊಟ್ಟಿಗೋ ಒಡಲಿಗೋ ಸೇರಿದರೆ ನೋಡುವವರು ನಂಬುತ್ತಾರೆ. ನಡುವೆ ತುಂಡಾಗಿ ನಿಂತರೆ ಅದು ಅಂಟಿಸಿದ ಕಸವಾಗಿಯೇ ಕಾಣುತ್ತದೆ. ಆಟದಲ್ಲಿ ದೂರವನ್ನೂ ದೃಷ್ಟಿರೇಖೆಯನ್ನೂ ಮಾದರಿಯಿಂದಲೇ ಅಳೆಯುವ ನಿಯಮಗಳಿರುವುದರಿಂದ, ಪೀಠದ ಗಾತ್ರವನ್ನೂ ಹಾರುವ ಎತ್ತರವನ್ನೂ ಮಾತ್ರ ಬದಲಾಯಿಸಬೇಡಿ.

ಎರಡನೆಯ ಉತ್ತರ

ಜೋಡಣೆಯ ಬಗ್ಗೆ ಮೇಲಿನವರು ಹೇಳಿದ್ದಕ್ಕೆ ನಾನು ಸೇರಿಸುವಂಥದ್ದೇನೂ ಇಲ್ಲ. ಬಣ್ಣದ ಬಗ್ಗೆ ಹೇಳುತ್ತೇನೆ. ನಿಮ್ಮ ಹಿಂದಿನ ವಿಮಾನ ಗೋಡೆಯಂತೆ ಕಂಡದ್ದಕ್ಕೆ ಕುಂಚವನ್ನು ಮಾತ್ರ ದೂರಬೇಕಾಗಿಲ್ಲ. ಸೈನಿಕನ ಗೊಂಬೆಯಲ್ಲಿ ಮಡಿಕೆ, ಪಟ್ಟಿ, ಮುಖ ಎಂದು ಅಂಗುಲ ಅಂಗುಲಕ್ಕೂ ಕಣ್ಣಿಗೆ ಏನಾದರೂ ಸಿಗುತ್ತದೆ. ಅಂಗೈಯಗಲದ ರೆಕ್ಕೆಯಲ್ಲಿ ಏನೂ ಇರುವುದಿಲ್ಲ. ಆ ಬರಿದಾದ ಜಾಗದಲ್ಲಿ ಒಂದೇ ಬಣ್ಣ ಒಂದೇ ಸಮನಾಗಿ ಕೂತರೆ, ಅದು ಎಷ್ಟೇ ನಯವಾಗಿದ್ದರೂ ಆಟಿಕೆಯಂತೆ ಕಾಣುತ್ತದೆ.

ಏರ್‌ಬ್ರಷ್ (ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ ಸಾಧನ) ಇದ್ದರೆ ಕೆಲಸ ಸಲೀಸು. 0.4 ಮಿಲಿಮೀಟರ್ ನಳಿಕೆ, 15ರಿಂದ 20 ಪಿಎಸ್ಐ (ಚದರ ಅಂಗುಲಕ್ಕೆ ಪೌಂಡ್) ಒತ್ತಡ, ಹಾಲಿನಷ್ಟು ತೆಳುವಾದ ಬಣ್ಣ ಇವು ಅಕ್ರಿಲಿಕ್ಕಿಗೆ ಹೊಂದುತ್ತವೆ. ಬಣ್ಣ ಹಿಡಿಯಲೆಂದು ಮೊದಲು ಹಾಕುವ ಕಪ್ಪು ಪ್ರೈಮರ್ ಒಣಗಿದ ಮೇಲೆ, ಅದರ ಮೇಲೆ ತಿಳಿಬೂದು ಬಣ್ಣದಿಂದ ಅಂಕುಡೊಂಕಾದ, ಮೋಡದಂತಹ ಗೀಚುಗಳನ್ನು ತುಂಬುತ್ತೇನೆ. ಯಾವ ಎರಡು ಗೀಚುಗಳೂ ಒಂದೇ ತೆರನಾಗಿರಬಾರದು. ಅದರ ಮೇಲೆ ಮುಖ್ಯ ಹಸಿರನ್ನು ಅತಿ ತೆಳುವಾಗಿ, ಮೂರು ನಾಲ್ಕು ಸಲ ಹಾಯಿಸಿ, ಕೆಳಗಿನ ಗೀಚುಗಳು ಇನ್ನೇನು ಮರೆಯಾಗಬೇಕು ಎನ್ನುವಾಗ ಕೈ ನಿಲ್ಲಿಸುತ್ತೇನೆ. ಆ ಕ್ಷಣದಲ್ಲಿ ಇದು ಕೆಟ್ಟುಹೋಯಿತು ಎಂದೇ ಅನಿಸುತ್ತದೆ, ಆದರೆ ವಾರ್ನಿಷ್ ಬಿದ್ದ ಮೇಲೆ ಎಲ್ಲವೂ ಒಂದಕ್ಕೊಂದು ಬೆರೆಯುತ್ತದೆ. ಏರ್‌ಬ್ರಷ್ ಇಲ್ಲದಿದ್ದರೆ ಮುಖ್ಯ ಬಣ್ಣವನ್ನು ಸ್ಪ್ರೇ ಡಬ್ಬಿಯಿಂದ ಹಾಕಿ, ಹರಿದ ಸ್ಪಂಜಿನ ತುಣುಕಿನಿಂದ ಎರಡು ಮೂರು ಹತ್ತಿರದ ಹಸಿರುಗಳನ್ನು ಅಲ್ಲಲ್ಲಿ ಮೆಲ್ಲಗೆ ತಟ್ಟಿದರೂ ಅದೇ ಗುಣ ಬರುತ್ತದೆ. ನಿಮ್ಮ ಸೈನಿಕರಿಗೆ ಬಳಸಿದ ಹಸಿರನ್ನೇ ಬಳಸುವುದಾದರೆ ಸ್ವಲ್ಪ ತಿಳಿಗೊಳಿಸಿ. ದೊಡ್ಡ ಮೈಯ ಮೇಲೆ ಅದು ಕಪ್ಪಾಗಿ ಕಾಣುತ್ತದೆ.

ವಿನ್ಯಾಸಕ್ಕೆ ನಿಜವಾದ ವಿಮಾನಗಳನ್ನೇ ನೋಡಿ. 1944ರ ಜೂನ್‌ನಲ್ಲಿ ನಾರ್ಮಂಡಿಯಲ್ಲಿ ಪಡೆಗಳು ಇಳಿಯುವಾಗ, ಮಿತ್ರಪಡೆಗಳು ತಮ್ಮ ವಿಮಾನಗಳು ತಮ್ಮವರ ಗುಂಡಿಗೇ ತುತ್ತಾಗದಿರಲೆಂದು ರೆಕ್ಕೆ ಮತ್ತು ಒಡಲಿಗೆ ಮೂರು ಬಿಳಿ, ಎರಡು ಕಪ್ಪು ಪಟ್ಟಿಗಳನ್ನು ಬಳಿದಿದ್ದವು. ದೊಡ್ಡ ಖಾಲಿ ರೆಕ್ಕೆಯನ್ನು ಒಡೆಯಲು ಇಷ್ಟು ಸರಳವಾದ, ಇಷ್ಟು ಅರ್ಥವಿರುವ ಉಪಾಯ ಇನ್ನೊಂದಿಲ್ಲ. ನಿಮ್ಮ ಗನ್‌ಶಿಪ್ ಬಾಹ್ಯಾಕಾಶದಿಂದ ಇಳಿಯುವಂಥದ್ದಾದರೆ ನಾಸಾದ ಸ್ಪೇಸ್ ಶಟಲ್ ನೆನಪಿರಲಿ: ಹೆಚ್ಚು ಬಿಸಿಯಾಗುವ ಹೊಟ್ಟೆಯ ಭಾಗಕ್ಕೆ ಕಪ್ಪು ಹೆಂಚುಗಳಿದ್ದವು, ಮೇಲ್ಮೈ ಬಿಳಿಯಾಗಿತ್ತು. ಕಂಬದ ಮೇಲೆ ನಿಲ್ಲುವ ಮಾದರಿಯ ಹೊಟ್ಟೆ ಎದುರಾಳಿಯ ಕಣ್ಣಿಗೆ ಬಿದ್ದೇ ಬೀಳುವುದರಿಂದ ಆ ಶ್ರಮ ವ್ಯರ್ಥವಾಗುವುದಿಲ್ಲ.

ಕಾಕ್‌ಪಿಟ್ಟಿನ ಪಾರದರ್ಶಕ ಮುಚ್ಚಳವನ್ನು ಸೂಪರ್ ಗ್ಲೂನಿಂದ ಅಂಟಿಸಬೇಡಿ. ಅದರ ಆವಿಯಿಂದ ಗಾಜು ಒಳಗಿನಿಂದ ಮಂಜು ಕವಿದಂತಾಗುತ್ತದೆ. ಬಿಳಿ ಪಿವಿಎ ಅಂಟು ಸಾಕು.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಧನ್ಯವಾದಗಳು. ಎಲ್ಲವನ್ನೂ ತೊಳೆದು, ಸರಳುಗಳನ್ನು ಕೂರಿಸಿದೆ. ಎರಡು ಸಂಕಟಗಳು ಎದುರಾಗಿವೆ. ಎಡ ರೆಕ್ಕೆಯ ತುದಿ ಒಂದು ಸೆಂಟಿಮೀಟರಿನಷ್ಟು ಮೇಲಕ್ಕೆ ಸೊಟ್ಟಗಾಗಿದೆ. ಮುಂದಿನಿಂದ ನೋಡಿದರೆ ವಿಮಾನ ಕೈ ಎತ್ತಿ ಯಾರನ್ನೋ ಕರೆಯುತ್ತಿರುವಂತಿದೆ. ಬಲ ರೆಕ್ಕೆಗೆ ಸುಡುಬಿಸಿಲಿನಲ್ಲಿ ಪ್ರೈಮರ್ ಸಿಂಪಡಿಸಿದಾಗ ಅದು ಮರಳು ಅಂಟಿದಂತೆ ತರಿತರಿಯಾಯಿತು. ಇವುಗಳನ್ನು ಸರಿಪಡಿಸಬಹುದೇ? ಸವೆತ, ಮಸಿಗಳನ್ನು ಎಷ್ಟರ ಮಟ್ಟಿಗೆ ತೋರಿಸಬೇಕು ಎಂಬುದನ್ನೂ ತಿಳಿಸಿದರೆ ಉಪಕಾರವಾಗುತ್ತದೆ.

ಮೂರನೆಯ ಉತ್ತರ

ಎರಡಕ್ಕೂ ಪರಿಹಾರವಿದೆ. ಅಗಲವಾದ ತಟ್ಟೆಯಲ್ಲಿ ಕೈ ಸುಡುವಷ್ಟು ಬಿಸಿಯಾದ, ಆದರೆ ಕುದಿಯದ ನೀರು ಹಾಕಿ ರೆಕ್ಕೆಯನ್ನು ಒಂದೆರಡು ನಿಮಿಷ ಮುಳುಗಿಸಿಡಿ. ರೆಸಿನ್ ಮೆತ್ತಗಾದ ಮೇಲೆ ಇಕ್ಕಳದಿಂದ ಹೊರತೆಗೆದು, ಸಮತಟ್ಟಾದ ಗಾಜಿನ ಮೇಲಿಟ್ಟು ಒತ್ತಿ ಹಿಡಿದು, ಹಾಗೆಯೇ ತಣ್ಣೀರು ಸುರಿಯಿರಿ. ಒಂದೇ ಸಲಕ್ಕೆ ನೆಟ್ಟಗಾಗದಿದ್ದರೆ ಇನ್ನೊಮ್ಮೆ ಮಾಡಿ. ಬಲವಂತವಾಗಿ ಬಗ್ಗಿಸಲು ಹೋದರೆ ತೆಳುವಾದ ಅಂಚು ಸಿಡಿಯುತ್ತದೆ. ಪ್ರೈಮರ್ ತರಿಯಾದದ್ದು, ಹನಿಗಳು ಮೇಲ್ಮೈಯನ್ನು ಮುಟ್ಟುವ ಮೊದಲೇ ಗಾಳಿಯಲ್ಲಿ ಒಣಗಿದ್ದರಿಂದ. ಪೂರ್ತಿ ಗಟ್ಟಿಯಾದ ಮೇಲೆ 1000ದ ಮರಳು ಕಾಗದದಿಂದ ನೀರು ಹಚ್ಚಿ ಹಗುರವಾಗಿ ಉಜ್ಜಿ, ತಂಪು ಹೊತ್ತಿನಲ್ಲಿ 20ರಿಂದ 25 ಸೆಂಟಿಮೀಟರ್ ದೂರದಿಂದ ಮತ್ತೆ ತೆಳುವಾಗಿ ಸಿಂಪಡಿಸಿ.

ಸವೆತದ ವಿಷಯದಲ್ಲಿ ನನ್ನ ಅಭಿಪ್ರಾಯ ಖಚಿತವಾಗಿದೆ: ಹೆಚ್ಚಿನವರು ಅತಿ ಮಾಡುತ್ತಾರೆ. ಮಾದರಿಯ ಪ್ರಮಾಣ ಸುಮಾರು 60ಕ್ಕೆ 1 ಎಂದುಕೊಂಡರೆ, ಸ್ಪಂಜಿನಿಂದ ತಟ್ಟಿದ 2 ಮಿಲಿಮೀಟರಿನ ಒಂದು ಚುಕ್ಕೆ ನಿಜ ವಿಮಾನದಲ್ಲಿ 12 ಸೆಂಟಿಮೀಟರ್ ಅಗಲಕ್ಕೆ ಬಣ್ಣ ಕಿತ್ತುಹೋದಂತೆ. ಅಂಥ ನೂರು ಚುಕ್ಕೆಗಳಿರುವ ವಿಮಾನವನ್ನು ಯಾರೂ ಹಾರಿಸುವುದಿಲ್ಲ. ಸೈನಿಕರು ಹತ್ತಿಳಿಯುವ ಬಾಗಿಲಿನ ಹೊಸ್ತಿಲು, ಗುಂಡು ತುಂಬುವ ಮುಚ್ಚಳಗಳ ಅಂಚು, ರೆಕ್ಕೆಯ ಮುಂಚೂಣಿಯ ಅಂಚು, ಇಷ್ಟಕ್ಕೇ ಚುಕ್ಕೆಗಳನ್ನು ಸೀಮಿತಗೊಳಿಸಿ. ಜಿಡ್ಡಿನ ಗೆರೆಗಳು ಟ್ಯಾಂಕಿನಲ್ಲಿ ಕೆಳಕ್ಕೆ ಇಳಿಯುತ್ತವೆ, ವಿಮಾನದಲ್ಲಿ ಗಾಳಿ ಹರಿಯುವ ದಿಕ್ಕಿಗೆ, ಅಂದರೆ ಹಿಂದಕ್ಕೆ ಎಳೆದುಕೊಂಡು ಹೋಗುತ್ತವೆ. ಎಂಜಿನ್ನಿನ ಬಾಯಿಗೆ ಬರಿಯ ಮಸಿ ಸಾಲದು. ಕಾಯಿಸಿದ ಉಕ್ಕಿನ ಮೇಲೆ ಶಾಖ ಏರಿದಂತೆ ಮೊದಲು ಹುಲ್ಲಿನ ಹಳದಿ, ಆಮೇಲೆ ಕಂದು, ನೇರಳೆ, ಕೊನೆಗೆ ನೀಲಿ ಬರುತ್ತದೆ. ಆದ್ದರಿಂದ ಹೆಚ್ಚು ಬಿಸಿಯಾಗುವ ತುದಿಯಲ್ಲಿ ನೀಲಿಯನ್ನಿಟ್ಟು ಒಡಲಿನ ಕಡೆಗೆ ಹಳದಿಯಾಗಿ ಮುಗಿಸಿ. ಈ ಕ್ರಮ ತಲೆಕೆಳಗಾದ ಮಾದರಿಗಳನ್ನು ಬೇಕಾದಷ್ಟು ನೋಡಿದ್ದೇನೆ.

ಎರಡನೆಯ ಉತ್ತರ ಬರೆದವರಿಂದ

ಲೆಕ್ಕ ಸರಿಯಾಗಿಯೇ ಇದೆ, ಆದರೆ ಒಂದು ಮಾತಿಗೆ ನನ್ನ ಭಿನ್ನಾಭಿಪ್ರಾಯವಿದೆ. ಈ ವಿಮಾನವನ್ನು ಪ್ರದರ್ಶನದ ಗಾಜಿನ ಪೆಟ್ಟಿಗೆಯಲ್ಲಿಡುವುದಿಲ್ಲ, ಒಂದು ಮೀಟರ್ ದೂರದಿಂದ ಆಟಗಾರರು ನೋಡುತ್ತಾರೆ. ಪ್ರಮಾಣಬದ್ಧವಾದ ಕಾಲು ಮಿಲಿಮೀಟರಿನ ಚುಕ್ಕೆ ಅಲ್ಲಿಂದ ಕಾಣುವುದೇ ಇಲ್ಲ. ನಾನಾದರೆ ಜಾಗಗಳನ್ನು ನೀವು ಹೇಳಿದಷ್ಟಕ್ಕೇ ಸೀಮಿತಗೊಳಿಸಿ, ಚುಕ್ಕೆಗಳ ಗಾತ್ರವನ್ನು ಸ್ವಲ್ಪ ಉತ್ಪ್ರೇಕ್ಷಿಸುತ್ತೇನೆ.

ಪ್ರಶ್ನೆ ಕೇಳಿದವರಿಂದ

ಕೆಲಸ ಮುಗಿಯಿತು. ರೆಕ್ಕೆ ಎರಡನೆಯ ಸಲ ಬಿಸಿನೀರಿಗೆ ಇಳಿದಾಗ ನೆಟ್ಟಗಾಯಿತು, ಬಲಗಡೆಯ ತರಿಯೂ ಹೋಯಿತು. ಬಿಳಿ, ಕಪ್ಪು ಪಟ್ಟಿಗಳನ್ನು ರೆಕ್ಕೆಗಳಿಗೆ ಮಾತ್ರ ಹಾಕಿದೆ; ಟೇಪ್ ಎಳೆಯುವಾಗ ಒಂದು ಕಡೆ ಉಗುರಿನಷ್ಟು ಬಣ್ಣ ಕಿತ್ತುಬಂತು, ಅದನ್ನೇ ಸವೆತವೆಂದು ಉಳಿಸಿಕೊಂಡೆ. ಮೂಗಿನೊಳಗೆ ಸೀಸ ತುಂಬಿದ ಮೇಲೆ ವಿಮಾನ ಕಂಬದ ಮೇಲೆ ಅಲ್ಲಾಡದೆ ನಿಲ್ಲುತ್ತಿದೆ. ಆರು ಕ್ಷಿಪಣಿಗಳ ಪೈಕಿ ಐದು ಟಪ್ಪೆಂದು ಕೂರುತ್ತವೆ. ಆರನೆಯದರ ಬಿಲ್ಲೆಯನ್ನು ಮಾತ್ರ, ಮಾರ್ಕರ್ ಗುರುತು ಹಾಕಿದ್ದರೂ, ತಿರುಗಾಮುರುಗಾ ಅಂಟಿಸಿಬಿಟ್ಟಿದ್ದೇನೆ. ಹತ್ತಿರ ಒಯ್ದರೆ ಸಾಕು, ಪಕ್ಕಕ್ಕೆ ಹಾರಿ ಬೀಳುತ್ತದೆ. ಅದನ್ನು ಆಗಲೇ ಉಡಾಯಿಸಿ ಆಗಿದೆ ಎಂದು ಎದುರಾಳಿಗೆ ಹೇಳುತ್ತಿದ್ದೇನೆ.