ದಿವಾಳಿ ಅಂದರೆ ಪಾಪರ್ ಚೀಟಿನಾ ಸರ್?

ಪ್ರಶ್ನೆ (ದಾವಣಗೆರೆ ತಾಲ್ಲೂಕು): ಸರ್ ನಮಸ್ಕಾರ. ನಮ್ಮಪ್ಪ ಹೋದ ಸುಗ್ಗಿಯಲ್ಲಿ ಮಂಡಿಗೆ ಹಾಕಿದ ಮೆಕ್ಕೆಜೋಳದ ದುಡ್ಡು 1,80,000 ರೂಪಾಯಿ ಇನ್ನೂ ಬಂದಿಲ್ಲ. ಕೇಳಕ್ಕೆ ಹೋದರೆ ಆ ದಲಾಲರು, "ನಾನು ದಿವಾಳಿ ಆಗಿದ್ದೀನಿ, ಪಾಪರ್ ಚೀಟಿ ತಗೊಂಡಿದ್ದೀನಿ, ಯಾರೂ ಏನೂ ಕೇಳಂಗಿಲ್ಲ" ಅಂದರಂತೆ. ಅಪ್ಪ ಸುಮ್ನೆ ಎದ್ದು ಬಂದಿದ್ದಾರೆ. ದಿವಾಳಿ, ಪಾಪರ್ ಎರಡೂ ಒಂದೇನಾ? ಈ ಮಾತು ಬಂದದ್ದಾದರೂ ಎಲ್ಲಿಂದ?

ಉತ್ತರ (ವಕೀಲರು, ದಾವಣಗೆರೆ): ಒಂದೇ ಅಲ್ಲಮ್ಮ. ಎರಡನ್ನೂ ಒಂದೇ ಚೀಲಕ್ಕೆ ತುಂಬಿ ಹೆದರಿಸೋದು ನಮ್ಮ ಕಡೆ ಹಳೇ ಚಾಳಿ.

ಮೊದಲು ಪಾಪರ್. ಇದು ಇಂಗ್ಲಿಷಿನಿಂದ ಬಂದದ್ದು. ಅದರ ಮೂಲ ಲ್ಯಾಟಿನ್, ಅರ್ಥ ಬಡವ, ಅಷ್ಟೇ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 33ನೇ ಆದೇಶದಲ್ಲಿ ಈ ಪದ ಇತ್ತು. ಕೋರ್ಟ್ ಫೀ ಕಟ್ಟಲು ಗತಿ ಇಲ್ಲದವನು ಫೀ ಇಲ್ಲದೆ ದಾವೆ ಹಾಕಬಹುದು ಅನ್ನೋದು ಅದರ ಸಾರ. 1976ರ ತಿದ್ದುಪಡಿಯಲ್ಲಿ ಆ ಪದ ತೆಗೆದು ನಿರ್ಗತಿಕ ಅನ್ನೋ ಅರ್ಥದ ಪದ ಹಾಕಿದರು. ಕಾನೂನಿನಿಂದ ಹೋದರೂ ಪೇಟೆಯ ಬಾಯಿಂದ ಮಾತ್ರ ಹೋಗಲಿಲ್ಲ. ಅಂದರೆ ಪಾಪರ್ ಆಗೋದು ದಾವೆ ಹಾಕೋನು. ಸಾಲ ಉಳಿಸಿಕೊಂಡವನಿಗೆ ಅದರಿಂದ ಯಾವ ಮಾಫಿಯೂ ಇಲ್ಲ.

ಕೆಲವು ವರ್ಷಗಳ ಹಿಂದೆ ಒಬ್ಬರು ನನ್ನ ಟೇಬಲ್ ಮೇಲೆ ಒಂದು ಕಾಗದದ ಜೆರಾಕ್ಸ್ ಇಟ್ಟರು. ಮೂಲ ಪ್ರತಿಯನ್ನು ಸಾಲಗಾರ ಲ್ಯಾಮಿನೇಷನ್ ಮಾಡಿಸಿ ಜೇಬಲ್ಲೇ ಇಟ್ಟುಕೊಂಡಿದ್ದನಂತೆ. ದುಡ್ಡು ಕೇಳಿದವರಿಗೆಲ್ಲ ಅದನ್ನು ತೋರಿಸಿ ಕಳಿಸುತ್ತಿದ್ದ. ಓದಿ ನೋಡಿದೆ. ಪಿತ್ರಾರ್ಜಿತ ಜಮೀನಿನಲ್ಲಿ ಪಾಲು ಕೇಳಿ ಆತನೇ ಹಾಕಿದ ದಾವೆಗೆ ಫೀ ಇಲ್ಲದೆ ಅನುಮತಿ ಕೊಟ್ಟ ಆದೇಶ ಅದು! ಅಂದರೆ ಆತನಿಗೆ ಮುಂದೆ ಆಸ್ತಿ ಬರಬಹುದು ಅನ್ನೋದಕ್ಕೆ ಆ ಚೀಟಿಯೇ ಸುಳಿವು. ದಾವೆ ಗೆದ್ದರೆ ಆ ಫೀಯನ್ನೂ ಸರ್ಕಾರ ವಸೂಲಿ ಮಾಡುತ್ತೆ. ಅದನ್ನು ನೋಡಿ ಎಷ್ಟು ಜನ ವಾಪಸ್ ಹೋಗಿದ್ದರೋ.

ಇನ್ನು ದಿವಾಳಿ. ಇದು ಹಿಂದಿಯ ದಿವಾಲಾ ಪದದ ಬಳಗದ್ದು. ಮುಳುಗಿದ ವ್ಯಾಪಾರಿ ಗಾದಿ ಮಡಚಿ, ಅಂಗಡಿಯಲ್ಲಿ ಹಾಡಹಗಲೇ ದೀಪ ಹಚ್ಚಿಡುತ್ತಿದ್ದ, ಅದನ್ನು ನೋಡಿ ಊರಿಗೆ ವಿಷಯ ತಿಳಿಯುತ್ತಿತ್ತು, ಹಾಗಾಗಿ ದೀಪದಿಂದ ಈ ಮಾತು ಬಂತು ಅಂತ ಹೇಳುತ್ತಾರೆ. ಇಂಗ್ಲಿಷಿನ ಬ್ಯಾಂಕ್ರಪ್ಟ್ ಹುಟ್ಟಿದ್ದು ಇಟಲಿಯಲ್ಲಿ. ಹಣ ಬದಲಾಯಿಸುವವನ ಬೆಂಚು ಮುರೀತು ಅನ್ನೋ ಅರ್ಥದಿಂದ.

ಕಾನೂನಲ್ಲಿ ದಿವಾಳಿ ಅಂತ ಬಾಯಲ್ಲಿ ಹೇಳಿದರೆ ಆಗಲ್ಲ. ಕೋರ್ಟೇ ಘೋಷಿಸಬೇಕು. ನಮ್ಮ ಕಡೆ ಕಂಪನಿಯಲ್ಲದ ವ್ಯಾಪಾರಿಗೆ ಇವತ್ತಿಗೂ 1920ರ ಪ್ರಾಂತೀಯ ದಿವಾಳಿ ಕಾಯ್ದೆಯೇ. ಸಾಲ 500 ರೂಪಾಯಿ ಇದ್ದರೂ ಅರ್ಜಿ ಹಾಕಬಹುದು! ಆ ಕಾಲದ 500, ನೋಡಿ. ಘೋಷಣೆಯಾದರೆ ಆಸ್ತಿ ಆತನ ಕೈಯಿಂದ ಕೋರ್ಟಿನ ಇಲ್ಲವೇ ಕೋರ್ಟು ನೇಮಿಸಿದ ರಿಸೀವರ್ ಕೈಗೆ ಹೋಗುತ್ತೆ. ನಿಮ್ಮಂಥವರೆಲ್ಲ ಲೆಕ್ಕ ಕೊಟ್ಟು ರೂಪಾಯಿಗೆ ಇಷ್ಟು ಪೈಸೆ ಅಂತ ಪಾಲು ಪಡೆಯುತ್ತೀರಿ. ಅರ್ಜಿಗೆ ಮುಂಚಿನ 2 ವರ್ಷದೊಳಗೆ ಹೆಂಡತಿಗೋ ಬಾಮೈದನಿಗೋ ಪುಕ್ಕಟೆ ಬರೆದುಕೊಟ್ಟ ಸೈಟನ್ನೂ ಕೋರ್ಟು ರದ್ದು ಮಾಡಬಹುದು. ಹಾಗಾಗಿ ಆಸ್ತಿ ಇಟ್ಟುಕೊಂಡವರು ನಿಜವಾದ ದಿವಾಳಿಗೆ ಅಷ್ಟು ಸುಲಭಕ್ಕೆ ಹೋಗಲ್ಲ. ಬಾಯಿಮಾತಿನ ದಿವಾಳಿಯೇ ಜಾಸ್ತಿ.

ನಿಮ್ಮ ತಂದೆ ಆ ಚೀಟಿಯ ಕೇಸ್ ನಂಬರ್ ಕೇಳಲಿ. ನಂಬರ್ ಸಿಕ್ಕರೆ ಕೋರ್ಟಲ್ಲಿ ನೋಡೋದು ಕಷ್ಟವಲ್ಲ.

ಕಾಮೆಂಟ್ (ಚಳ್ಳಕೆರೆ): ಸರ್, ನಾನು ಶೇಂಗಾ ಎಣ್ಣೆ ಮಿಲ್ಲಲ್ಲಿ ಲೆಕ್ಕ ಬರೆಯೋನು. ಕಂಪನಿ ಆದರೆ?

ಉತ್ತರ: ಆಗ 2016ರ ದಿವಾಳಿ ಸಂಹಿತೆ ಬರುತ್ತೆ. ಬಾಕಿ ಕನಿಷ್ಠ 1 ಕೋಟಿ ಇರಬೇಕು. 2020ಕ್ಕೆ ಮುಂಚೆ 1 ಲಕ್ಷ ಸಾಕಿತ್ತು. ನಮ್ಮ ಜಿಲ್ಲೆಗಳ ಕೇಸು ಬೆಂಗಳೂರಿನ ಕಂಪನಿ ಕಾನೂನು ನ್ಯಾಯಮಂಡಳಿಗೆ ಹೋಗುತ್ತೆ.

ಕಾಮೆಂಟ್: ಹಂಗಾದ್ರೆ ಹಿಂದಿಯವರ ದಿವಾಲಿ ಹಬ್ಬಕ್ಕೂ ಇದಕ್ಕೂ ಸಂಬಂಧ ಇದೆ ಅಲ್ವಾ?

ಉತ್ತರ: ದೀಪ ಒಂದೇ, ಸಂದರ್ಭ ಬೇರೆ. ಹಬ್ಬದ ಹೆಸರು ದೀಪಗಳ ಸಾಲು ಅನ್ನೋದರಿಂದ ಬಂತು. ಮಂಡಿಪೇಟೆಯಲ್ಲಿ ಲಕ್ಷ್ಮೀ ಪೂಜೆಯ ಸಂಜೆ ಮಾತ್ರ ಇದನ್ನು ಕೇಳಬೇಡಿ. ಒದೆ ಬೀಳುತ್ತೆ.

ಪ್ರಶ್ನೆ ಕೇಳಿದವರು: ಸರ್, ತೂಕದ ಚೀಟಿ, ದಲಾಲರು ಕೊಟ್ಟ ಲೆಕ್ಕದ ಪಟ್ಟಿ ಎರಡೂ ಸಿಕ್ಕವು. ಪಟ್ಟಿಯ ಹಿಂದೆ "ಬಾಕಿ" ಅಂತ ಪೆನ್ಸಿಲಲ್ಲಿ ಬರೆದಿದ್ದಾರೆ. ಸಹಿ ಇಲ್ಲ. ಪಾಪರ್ ಚೀಟಿಯ ನಂಬರ್ ಕೇಳಿದ್ದಕ್ಕೆ, "ಮನೇಲಿದೆ, ಹುಡುಕ್ತೀನಿ" ಅಂದರಂತೆ.

ಉತ್ತರ: ಹುಡುಕಲಿ ಬಿಡಿ. ನೀವು ಎರಡನ್ನೂ ಜೆರಾಕ್ಸ್ ಮಾಡಿಸಿ, ಪೆನ್ಸಿಲ್ ಅಳಿಸಿಹೋಗುವ ಮುಂಚೆ ಫೋಟೋ ತೆಗೆದಿಡಿ. ಎಪಿಎಂಸಿ ಲೈಸೆನ್ಸ್ ಇರುವ ಅಂಗಡಿಯಾದರೆ ಕಾರ್ಯದರ್ಶಿಗೆ ಬರವಣಿಗೆಯಲ್ಲಿ ದೂರು ಕೊಟ್ಟು ಸ್ವೀಕೃತಿ ತಗೊಳ್ಳಿ. ಮಾಲು ಹಾಕಿದ ದಿನದಿಂದ 3 ವರ್ಷದೊಳಗೆ ದಾವೆ ಹಾಕಬೇಕು, ಅದನ್ನು ಮರೀಬೇಡಿ. ಅಷ್ಟರಲ್ಲಿ ಆತ "ಇಷ್ಟು ಕೊಡಬೇಕು" ಅಂತ ಬರೆದು ಸಹಿ ಹಾಕಿದರೆ ಅವತ್ತಿನಿಂದ ಮತ್ತೆ 3 ವರ್ಷ. ಪೆನ್ನಲ್ಲಿ ಬರೆಸಿಕೊಳ್ಳಿ.