‘ಉಪ್ಪಿನ ವಿಷಬಾಧೆ’: ಹಂದಿಗಳ ಈ ಕಾಯಿಲೆಗೆ ಹೆಸರು ಸರಿಯೇ?

ಪ್ರಶ್ನೆ: ದಾವಣಗೆರೆ ಸುತ್ತಿನ ಹಂದಿ ಸಾಕುವವರಿಗೆ ಕರಪತ್ರ ಸಿದ್ಧವಾಗುತ್ತಿದೆ. ‘ಸಾಲ್ಟ್ ಪಾಯ್ಸನಿಂಗ್’ಗೆ ‘ಉಪ್ಪಿನ ವಿಷಬಾಧೆ’ ಎಂದರೆ ಸಾಕೇ ಸರ್? ಅದರಲ್ಲಿ ಬರುವ ಫಿಟ್ಸ್‌ಗೆ ‘ಧನುರ್ವಾಯು’ ಎನ್ನಬಹುದೇ?

ಉತ್ತರ: ಎರಡೂ ಬೇಡ ಮೇಡಂ. ‘ಉಪ್ಪಿನ ವಿಷಬಾಧೆ’ ಎಂದು ಓದಿದವರು ಹಂದಿ ಎಲ್ಲಿ ಉಪ್ಪು ತಿಂದಿತೆಂದು ಹುಡುಕುತ್ತಾರೆ. ಹೋಟೆಲ್ ಮುಸುರೆಯಲ್ಲಿ ಉಪ್ಪಿನಕಾಯಿ, ಸಾಂಬಾರು ಜಾಸ್ತಿಯಿದ್ದರೆ ಅಪಾಯ ಹೆಚ್ಚು, ನಿಜ. ಆದರೆ ಕುಡಿಯಲು ಬೇಕಾದಷ್ಟು ನೀರಿದ್ದರೆ ಹಂದಿ ಸಾಕಷ್ಟು ಉಪ್ಪು ತಾಳಿಕೊಳ್ಳುತ್ತದೆ. ನೀರು ತಪ್ಪಿದರೆ ಅರ್ಧ ಪರ್ಸೆಂಟ್ ಉಪ್ಪಿನ ಮಾಮೂಲಿ ಫೀಡೇ ಒಂದೆರಡು ದಿನದಲ್ಲಿ ಕಾಯಿಲೆ ತರಬಲ್ಲದು. ಬೇಸಿಗೆಯಲ್ಲಿ ಬೋರ್ ಬತ್ತುತ್ತದೆ, ಕರೆಂಟ್ ಹೋಗಿ ತೊಟ್ಟಿ ಖಾಲಿಯಾಗುತ್ತದೆ, ಗಡಸು ನೀರಿನ ಸುಣ್ಣ ಕಟ್ಟಿ ಹಂದಿ ನೀರು ಕುಡಿಯುವ ನಿಪ್ಪಲ್‌ನಲ್ಲಿ ಹನಿಯೂ ಬರುವುದಿಲ್ಲ. ಹೆಸರಿನಲ್ಲಿ ನೀರಿನ ಮಾತು ಇರಲೇಬೇಕು. ‘ನೀರಡಿಕೆಯ ಉಪ್ಪುಬಾಧೆ’ ಎನ್ನಿ. ನೀರಡಿಕೆ ನಮ್ಮ ಕಡೆ ದಿನಬಳಕೆಯ ಮಾತು. ‘ಉಪ್ಪುನಂಜು’ ಚೆನ್ನಾಗಿ ಕೇಳಿಸುತ್ತದೆ, ಆದರೆ ಗಾಯ ಕೀವಾದರೂ ನಂಜು ಎನ್ನುತ್ತೇವಲ್ಲ.

ಧನುರ್ವಾಯು (ಟೆಟನಸ್) ಗಾಯದಿಂದ ಬರುವ ಬೇರೆಯೇ ಕಾಯಿಲೆ. ಆ ಪದ ಕಂಡವರು ಬೀಜ ಒಡೆದ (ಗಂಡು ಹಂದಿಯ ವೃಷಣ ತೆಗೆದ) ಗಾಯ ನೋಡಲು ಹೋಗುತ್ತಾರೆ. ಇಲ್ಲಿ ಮೊದಲು ನೀರಡಿಕೆ, ಮಲಬದ್ಧತೆ. ಆಮೇಲೆ ಕಣ್ಣು ಕಾಣದು, ಕಿವಿ ಕೇಳದು. ಕರೆದರೆ ತಿರುಗದೆ ಗೋಡೆಗೆ ತಲೆ ಒತ್ತಿ ನಿಲ್ಲುತ್ತದೆ, ಸುತ್ತು ಹಾಕುತ್ತದೆ. ಫಿಟ್ಸ್ ಬರುವಾಗ ಮೂತಿ ಅದುರುತ್ತದೆ, ಕತ್ತು ಹಿಂದಕ್ಕೆ ಸೆಟೆಯುತ್ತದೆ, ನಾಯಿಯಂತೆ ಕೂತು ಹಿಂದಕ್ಕೆ ಸರಿಯುತ್ತದೆ, ಕೊನೆಗೆ ಮಗ್ಗುಲಿಗೆ ಬಿದ್ದು ಕಾಲು ಬಡಿಯುತ್ತದೆ. ‘ಸೆಳವು’ ಅಥವಾ ‘ಫಿಟ್ಸ್’ ಎಂದೇ ಬರೆಯಿರಿ.

ಪದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ‘ಕೂಡಲೇ ಧಾರಾಳ ನೀರು ಕೊಡಿ’ ಎಂಬ ಸಾಲು ಕರಪತ್ರದಲ್ಲಿ ಬರಕೂಡದು. ಅಷ್ಟು ಹೊತ್ತಿಗೆ ಮೆದುಳಿನಲ್ಲಿ ಉಪ್ಪಿನ ಸೋಡಿಯಂ ಸೇರಿರುತ್ತದೆ. ಒಮ್ಮೆಲೇ ನೀರು ಕುಡಿಸಿದರೆ ರಕ್ತ ತೆಳುವಾಗುತ್ತದೆ, ಉಪ್ಪಾದ ಮೆದುಳು ಆ ನೀರನ್ನು ಎಳೆದುಕೊಂಡು ತಲೆಬುರುಡೆಯೊಳಗೆ ಊದಿಕೊಳ್ಳುತ್ತದೆ. ತೊಟ್ಟಿ ತುಂಬಿಸಿದ ಮೇಲೆಯೇ ಹಂದಿಗಳು ಬೀಳುವುದು ಇದಕ್ಕೇ. ಗಂಟೆಗೊಮ್ಮೆ ತೂಕದ ಅರ್ಧ ಪರ್ಸೆಂಟ್ ಮಾತ್ರ, ಅಂದರೆ 50 ಕಿಲೋ ಹಂದಿಗೆ 250 ಮಿ.ಲೀ. ಹೀಗೆ ಸರಿಹೋಗಲು ಕೆಲವು ದಿನ ಬೇಕು. ಫಿಟ್ಸ್ ಬರುತ್ತಿರುವಾಗ ಬಾಯಿಗೆ ಸುರಿದರೆ ನೀರು ಶ್ವಾಸಕೋಶಕ್ಕೆ ಹೋಗುತ್ತದೆ. ಆಗ ಪಶುವೈದ್ಯರೇ ಬರಬೇಕು.

ಹಂದಿಜ್ವರದಲ್ಲೂ (ಕ್ಲಾಸಿಕಲ್ ಸ್ವೈನ್ ಫೀವರ್; ಜನರಿಗೆ ಬರುವ ಎಚ್1ಎನ್1 ಅಲ್ಲ) ಇಂಥದೇ ಲಕ್ಷಣ ಕಾಣಬಹುದು. ಹಂದಿ ಸತ್ತರೆ ಪಶುವೈದ್ಯರಿಂದಲೇ ಮೆದುಳನ್ನು ಎರಡು ಭಾಗ ಮಾಡಿಸಿ: ಒಂದು ಸೋಡಿಯಂ ಅಳೆಯಲು ಹಸಿಯಾಗಿ, ಇನ್ನೊಂದು ಸೂಕ್ಷ್ಮದರ್ಶಕಕ್ಕಾಗಿ ಫಾರ್ಮಲಿನ್‌ನಲ್ಲಿ (ಕೆಡದಂತೆ ಇಡುವ ದ್ರವ).